ಬಾಯಾರದಿದ್ದರೂ ಕುಡಿಯಬೇಕೆ, ಬಾಯಾರಿದಾಗ ಮಾತ್ರವೆ?

ಬೇಸಿಗೆ ಬಂತೆಂದರೆ ಎರಡು ಬಗೆಯ ಸುದ್ದಿ ಅಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುತ್ತವೆ. ಒಂದು, ಸರ್ಕಾರದ ಬಿಸಿಗಾಳಿ ಎಚ್ಚರಿಕೆ: ಬಾಯಾರಿಕೆ ಆಗದಿದ್ದರೂ ಆಗಾಗ ನೀರು ಕುಡಿಯುತ್ತಿರಿ. ಇನ್ನೊಂದು, ಆರೋಗ್ಯ ಪುಟದ ಎಚ್ಚರಿಕೆ: ವ್ಯಾಯಾಮ ಮಾಡುವಾಗ ಅತಿಯಾಗಿ ನೀರು ಕುಡಿದರೆ ಸೋಡಿಯಂ ಕುಸಿದು ಜೀವಕ್ಕೇ ಕುತ್ತು. ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಐದು ಕಿಲೋಮೀಟರ್ ಓಡುವವರು, ಜಿಮ್‌ಗೆ ಎರಡು ಲೀಟರಿನ ಬಾಟಲಿ ಹೊತ್ತೊಯ್ಯುವವರು, ರಾಯಚೂರಿನ ಬಿಸಿಲಲ್ಲಿ ರಸ್ತೆ ಕೆಲಸ ಮಾಡುವವರು ಎಲ್ಲರೂ ಈ ಎರಡನ್ನೂ ಓದುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಪಡೆಯುತ್ತಾರೆ. ಯಾವುದನ್ನು ನಂಬುವುದು?

ಎರಡೂ ನಿಜ. ಆದರೆ ಎರಡೂ ಒಬ್ಬರಿಗೇ ಹೇಳಿದ ಮಾತಲ್ಲ. ಯಾರಿಗೆ, ಎಷ್ಟು ಹೊತ್ತಿನ ಶ್ರಮಕ್ಕೆ, ಎಂಥ ಹವೆಯಲ್ಲಿ ಎಂಬ ಷರತ್ತುಗಳು ತಲೆಬರಹಕ್ಕೆ ಬರುವಷ್ಟರಲ್ಲಿ ಉದುರಿಹೋಗಿರುತ್ತವೆ. ಆ ಷರತ್ತುಗಳನ್ನು ವಾಪಸ್ ಜೋಡಿಸಿದರೆ ಗೊಂದಲ ಬಹುಪಾಲು ತಾನಾಗಿಯೇ ಕರಗುತ್ತದೆ.

ರಕ್ತದಲ್ಲಿ ಏನಾಗುತ್ತದೆ

ಆರೋಗ್ಯವಂತರ ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ (ರಕ್ತ ಪರೀಕ್ಷೆಯಲ್ಲಿ ಲವಣ ಅಳೆಯುವ ಮಾನ) ಇರುತ್ತದೆ. 135ಕ್ಕಿಂತ ಕೆಳಗಿಳಿದರೆ ಅದಕ್ಕೆ ಹೈಪೊನೇಟ್ರೀಮಿಯಾ ಎಂದು ಹೆಸರು. ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದವರಿಗೆ "ಸೋಡಿಯಂ ಕಮ್ಮಿ ಆಗಿದೆ" ಎಂಬ ಮಾತು ಹೊಸದಲ್ಲ. ಅಲ್ಲಿ ಬಹಳ ಸಲ ಬಿಪಿಗೆ ಕೊಡುವ ಥಯಾಜೈಡ್ ಜಾತಿಯ ಮಾತ್ರೆಯೋ ಮತ್ತೊಂದು ಕಾಯಿಲೆಯೋ ಕಾರಣವಾಗಿ, ಸೋಡಿಯಂ ದಿನಗಟ್ಟಲೆ ನಿಧಾನವಾಗಿ ಇಳಿದಿರುತ್ತದೆ. ವ್ಯಾಯಾಮದಲ್ಲಿ ಆಗುವುದು ಗಂಟೆಗಳ ಲೆಕ್ಕದ ಇಳಿತ. ಈ ವೇಗದ ವ್ಯತ್ಯಾಸ ಚಿಕಿತ್ಸೆಯನ್ನೇ ಬದಲಿಸುತ್ತದೆ. ಆ ಮಾತು ಆಮೇಲೆ.

ಉಪ್ಪು ಹದವಾಗಿದ್ದ ಸಾರಿಗೆ ಒಂದು ಚೊಂಬು ನೀರು ಸುರಿದರೆ ಉಪ್ಪು ಎಲ್ಲೂ ಹೋಗಿರುವುದಿಲ್ಲ, ಸಾರು ಮಾತ್ರ ಸಪ್ಪೆಯಾಗಿರುತ್ತದೆ. ಇಲ್ಲಿ ನಡೆಯುವುದೂ ಮುಖ್ಯವಾಗಿ ಅದೇ. ಬೆವರಿನಲ್ಲಿ ಉಪ್ಪು ಹೋಗುವುದು ನಿಜವಾದರೂ ಸೋಡಿಯಂ ಮಟ್ಟ ಕುಸಿಯಲು ದೊಡ್ಡ ಕಾರಣ ದೇಹದೊಳಗೆ ಉಳಿದುಹೋದ ಹೆಚ್ಚುವರಿ ನೀರು. ರಕ್ತ ತೆಳುವಾದಾಗ ನೀರು ಜೀವಕೋಶಗಳ ಒಳಕ್ಕೆ ನುಗ್ಗುತ್ತದೆ. ಕೈಕಾಲಿನ ಕೋಶಗಳು ಊದಿಕೊಂಡರೆ ಉಂಗುರ ಬಿಗಿಯಾಗುತ್ತದೆ, ಅಷ್ಟೇ. ಮಿದುಳಿಗೆ ಮಾತ್ರ ಸುತ್ತಲೂ ಮೂಳೆಯ ಗೋಡೆ, ಊದಿಕೊಳ್ಳಲು ಜಾಗವಿಲ್ಲ. ತಲೆನೋವು, ವಾಂತಿ, ಗೊಂದಲದ ಮಾತು, ಫಿಟ್ಸ್, ಕೊನೆಗೆ ಪ್ರಜ್ಞೆ ತಪ್ಪುವುದು ಈ ಒತ್ತಡದಿಂದಲೇ.

ಒಂದು ಲೆಕ್ಕ

50 ಕೆಜಿ ತೂಕದ ಮಹಿಳೆಯೊಬ್ಬರು 42 ಕಿಲೋಮೀಟರ್ ಮ್ಯಾರಥಾನ್ ಅನ್ನು 6 ಗಂಟೆಯಲ್ಲಿ ಮುಗಿಸುತ್ತಾರೆ ಎಂದುಕೊಳ್ಳೋಣ. ಅವರ ದೇಹದಲ್ಲಿರುವ ಒಟ್ಟು ನೀರು ತೂಕದ ಅರ್ಧದಷ್ಟು, ಅಂದರೆ ಸುಮಾರು 25 ಲೀಟರ್. ಸೋಡಿಯಂ ಲೀಟರಿಗೆ 140. ತಂಪಾದ ಬೆಳಗಿನಲ್ಲಿ ನಿಧಾನವಾಗಿ ಓಡುವವರಿಗೆ ಗಂಟೆಗೆ 400 ಮಿಲಿಲೀಟರ್ ಬೆವರು ಎಂದರೆ 6 ಗಂಟೆಗೆ 2.4 ಲೀಟರ್ ಹೊರಗೆ. ಪ್ರತಿ 2 ಕಿಲೋಮೀಟರಿಗೆ ಒಂದು ನೀರಿನ ಮೇಜು ಇದ್ದರೆ ಒಟ್ಟು 21 ಮೇಜು. "ಒಂದನ್ನೂ ಬಿಡಬೇಡಿ" ಎಂಬ ಬುದ್ಧಿವಾದ ನಂಬಿ ಒಂದೊಂದು ಕಡೆ 200 ಮಿಲಿಲೀಟರ್ ಕುಡಿದರೆ 4.2 ಲೀಟರ್ ಒಳಗೆ. ಮೂತ್ರ ಹೋಗದಿದ್ದರೆ 1.8 ಲೀಟರ್ ಉಳಿಕೆ.

ಬೆವರಿನ ಸೋಡಿಯಂ ಒಬ್ಬೊಬ್ಬರಿಗೆ ಒಂದೊಂದು ರೀತಿ, ಲೀಟರಿಗೆ 20ರಿಂದ 80 ಮಿಲಿಮೋಲ್‌ವರೆಗೂ ಇರಬಹುದು. 40 ಎಂದು ಹಿಡಿದರೂ 96 ಮಿಲಿಮೋಲ್ ಹೋಯಿತು. ಈಗ ಭಾಗಿಸಿ: ಉಳಿದ ಸೋಡಿಯಂ 3,404, ನೀರು 26.8 ಲೀಟರ್. ಉತ್ತರ 127. ಇದು ಆಸ್ಪತ್ರೆಗೆ ಸೇರಿಸಬೇಕಾದ ಸಂಖ್ಯೆ.

ಇದೇ ಓಟಗಾರ್ತಿ ಸಾದಾ ನೀರನ್ನೇ, ಆದರೆ 2 ಲೀಟರ್ ಮಾತ್ರ ಕುಡಿದಿದ್ದರೆ? ದೇಹದ ನೀರು 24.6 ಲೀಟರ್, ಸೋಡಿಯಂ 138. ಏನೂ ಆಗಿಲ್ಲ. 4.2 ಲೀಟರ್ ನೀರಿನ ಬದಲು ಅಷ್ಟೇ ಸ್ಪೋರ್ಟ್ಸ್ ಡ್ರಿಂಕ್ ಕುಡಿದಿದ್ದರೆ? ಅಂಥ ಪಾನೀಯಗಳಲ್ಲಿ ಸೋಡಿಯಂ ಲೀಟರಿಗೆ 20 ಮಿಲಿಮೋಲ್ ಆಸುಪಾಸು. ಲೆಕ್ಕ ಹಾಕಿದರೆ 130 ಬರುತ್ತದೆ. ಮೂರು ಅಂಕ ಮೇಲೇರಿತು, ಆದರೆ ಅಪಾಯದಿಂದ ಹೊರಬರಲಿಲ್ಲ. ದೇಹದೊಳಗಿನ ರಸಾಯನ ಇಷ್ಟು ಸರಳವಲ್ಲ, ಆದರೂ ಲೆಕ್ಕದ ದಿಕ್ಕು ಸರಿಯಾಗಿದೆ. ಬಾಟಲಿಯಲ್ಲಿ ಏನಿದೆ ಎನ್ನುವುದಕ್ಕಿಂತ ಎಷ್ಟು ಬಾಟಲಿ ಖಾಲಿಯಾಯಿತು ಎನ್ನುವುದೇ ಫಲಿತಾಂಶವನ್ನು ತೀರ್ಮಾನಿಸುತ್ತದೆ.

ಕಿಡ್ನಿ ಸುಮ್ಮನಿರುವುದೇಕೆ

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಕಿಡ್ನಿ ಚೆನ್ನಾಗಿದ್ದರೆ ಹೆಚ್ಚಾದ ನೀರು ಮೂತ್ರವಾಗಿ ಹೋಗಬೇಕಲ್ಲವೆ? ಕುರ್ಚಿಯ ಮೇಲೆ ಕೂತಿರುವವರಿಗೆ ಹೋಗುತ್ತದೆ. ಆರೋಗ್ಯವಂತ ಕಿಡ್ನಿ ಗಂಟೆಗೆ 800 ಮಿಲಿಲೀಟರಿನಿಂದ ಒಂದು ಲೀಟರ್ ತನಕ ನೀರನ್ನು ಹೊರಹಾಕಬಲ್ಲದು.

ದೀರ್ಘ ಶ್ರಮದಲ್ಲಿ ಆಟದ ನಿಯಮ ಬದಲಾಗುತ್ತದೆ. ವ್ಯಾಸೊಪ್ರೆಸ್ಸಿನ್ ಎಂಬ ಹಾರ್ಮೋನು ಕಿಡ್ನಿಗೆ "ನೀರು ಬಿಡಬೇಡ" ಎಂದು ಹೇಳುವ ಸಂದೇಶವಾಹಕ. ರಕ್ತ ಗಟ್ಟಿಯಾದಾಗ ಇದು ಸ್ರವಿಸುವುದು ಸಹಜ. ಆದರೆ ನೋವು, ಓಕರಿಕೆ, ಮಾನಸಿಕ ಒತ್ತಡ, ದಣಿವು, ಸ್ನಾಯುಗಳ ಉರಿಯೂತ ಇವೆಲ್ಲವೂ ಅದನ್ನು ಚಿಮ್ಮಿಸುತ್ತವೆ, ರಕ್ತ ಈಗಾಗಲೇ ತೆಳುವಾಗಿದ್ದರೂ ಸಹ. ಮ್ಯಾರಥಾನಿನ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಇವುಗಳಲ್ಲಿ ಯಾವುದು ಇರುವುದಿಲ್ಲ? ಹಾರ್ಮೋನು ಹೀಗೆ ಏರಿದಾಗ ಮೂತ್ರ ಗಂಟೆಗೆ 100 ಮಿಲಿಲೀಟರಿಗಿಂತಲೂ ಕೆಳಗಿಳಿಯಬಹುದು. ಒಳಗೆ ಬಂದದ್ದು ಒಳಗೇ ಉಳಿಯುತ್ತದೆ.

ಇದಕ್ಕೆ ನೋವಿನ ಮಾತ್ರೆ ಜೊತೆಯಾದರೆ ಇನ್ನೂ ಕಷ್ಟ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಕಿಡ್ನಿಯ ಮೇಲೆ ಈ ಹಾರ್ಮೋನಿನ ಪ್ರಭಾವವನ್ನು ಹೆಚ್ಚಿಸುತ್ತವೆ. ಓಟಕ್ಕೆ ಮುನ್ನ "ಮಂಡಿ ನೋವು ಬರದಿರಲಿ" ಎಂದು ಒಂದು ಮಾತ್ರೆ ನುಂಗಿ ಹೊರಡುವ ರೂಢಿ ನಮ್ಮ ಓಟಗಾರರಲ್ಲಿ ಸಾಕಷ್ಟಿದೆ. ಬಿಡಲು ಸುಲಭವಾದ ಅಭ್ಯಾಸವಿದು, ಯಾರೂ ಎಚ್ಚರಿಸುವುದಿಲ್ಲ ಅಷ್ಟೇ.

ಇನ್ನೊಂದು ತೊಡಕೂ ಇದರಿಂದಲೇ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದು ಎಂಬ ಪಾಠ ಎಲ್ಲರಿಗೂ ಬಾಯಿಪಾಠ. ದಿನನಿತ್ಯಕ್ಕೆ ಅದು ಸರಿ. ವ್ಯಾಸೊಪ್ರೆಸ್ಸಿನ್ ಏರಿದ ಹೊತ್ತಿನಲ್ಲಿ ಮಾತ್ರ, ದೇಹದಲ್ಲಿ ನೀರು ಹೆಚ್ಚಾಗಿದ್ದರೂ ಮೂತ್ರ ಕಡಿಮೆಯಾಗಿ, ಗಾಢವಾಗಿಯೇ ಬರುತ್ತದೆ. ಬಣ್ಣ ನೋಡಿ ಗಾಬರಿಯಾಗಿ ಮತ್ತೊಂದು ಲೀಟರ್ ಕುಡಿಯುವುದು ಬೆಂಕಿಗೆ ತುಪ್ಪ.

ಸಲಹೆ ಮೂರು ಸಲ ಬದಲಾಯಿತು

ಗೊಂದಲದ ಒಂದು ಪಾಲು ಇತಿಹಾಸದ್ದು. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಓಟದ ನಡುವೆ ನೀರು ಕುಡಿಯುವುದನ್ನು ದೌರ್ಬಲ್ಯವೆಂದೇ ಎಣಿಸುತ್ತಿದ್ದರು. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಮತ್ತು ಸಂಗಡಿಗರು ಅಲ್ಲಿನ ಫುಟ್‌ಬಾಲ್ ತಂಡಕ್ಕಾಗಿ ಉಪ್ಪು, ಸಕ್ಕರೆ ಬೆರೆಸಿದ ಪಾನೀಯ ಮಾಡಿದರು. ಅದೇ ಗೇಟರೇಡ್. 1969ರಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳಾದ ವಿಂಡಮ್ ಮತ್ತು ಸ್ಟ್ರೈಡಮ್ ಮ್ಯಾರಥಾನಿನಲ್ಲಿ ನೀರು ಕಡಿಮೆ ಕುಡಿಯುವುದರ ಅಪಾಯವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಗಾಳಿ ಬೀಸುವ ದಿಕ್ಕು ಬದಲಾಯಿತು. 1996ರಲ್ಲಿ ಕ್ರೀಡಾ ವೈದ್ಯಕೀಯ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕೊಟ್ಟ ಸಲಹೆ: ಬೆವರಿನಲ್ಲಿ ಹೋದದ್ದನ್ನೆಲ್ಲ ತುಂಬಿಕೊಳ್ಳುವಷ್ಟು, ಇಲ್ಲವೇ ಹೊಟ್ಟೆ ತಡೆಯುವಷ್ಟು ಕುಡಿಯಿರಿ, ಗಂಟೆಗೆ 600ರಿಂದ 1,200 ಮಿಲಿಲೀಟರ್. ಬಾಯಾರುವ ಹೊತ್ತಿಗೆ ತಡವಾಗಿರುತ್ತದೆ ಎಂಬ ಮಾತು ಜಿಮ್ಮುಗಳ ಗೋಡೆ ಹತ್ತಿದ್ದು ಇದೇ ಕಾಲದಲ್ಲಿ.

ಎಚ್ಚರಿಕೆಯ ಗಂಟೆ ಅದಕ್ಕೂ ಮೊದಲೇ ಬಾರಿಸಿತ್ತು. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ಸುಮಾರು 90 ಕಿಲೋಮೀಟರಿನದು. 1981ರಲ್ಲಿ ಅದರಲ್ಲಿ ಕುಸಿದ ಓಟಗಾರ್ತಿಯೊಬ್ಬರ ಸೋಡಿಯಂ ಕುಸಿದಿದ್ದುದು ಕಂಡುಬಂತು. 1985ರಲ್ಲಿ ಅಲ್ಲಿನ ಕ್ರೀಡಾ ವಿಜ್ಞಾನಿ ಟಿಮ್ ನೋಕ್ಸ್ ಮತ್ತು ಸಂಗಡಿಗರು ಇಂಥ ನಾಲ್ವರು ಕ್ರೀಡಾಪಟುಗಳ ವಿವರ ಪ್ರಕಟಿಸಿ, ಇದು ಬೆವರಿನ ಉಪ್ಪಿನ ಕಥೆಯಲ್ಲ, ಅತಿ ನೀರಿನ ಕಥೆ ಎಂದರು. ಹೆಚ್ಚು ಜನ ಕಿವಿಗೊಡಲಿಲ್ಲ.

2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಗುರಿಗೆ ಕೆಲವೇ ಕಿಲೋಮೀಟರ್ ಇರುವಾಗ 28 ವರ್ಷದ ಓಟಗಾರ್ತಿ ಕುಸಿದು ತೀರಿಕೊಂಡರು. ಕಾರಣ ಹೈಪೊನೇಟ್ರೀಮಿಯಾ, ಆಕೆ ಕುಡಿದಿದ್ದು ಸ್ಪೋರ್ಟ್ಸ್ ಡ್ರಿಂಕ್ ಎಂದು ಆಗ ವರದಿಯಾಯಿತು. ಅದೇ ಓಟದಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಶೇ 13 ಜನರ ಸೋಡಿಯಂ 135 ಅಥವಾ ಅದಕ್ಕಿಂತ ಕಡಿಮೆ. ಮೂವರದು 120 ಅಥವಾ ಅದಕ್ಕೂ ಕೆಳಗೆ.  ಎಲ್ಲಕ್ಕಿಂತ ಬಲವಾಗಿ ಕಂಡ ನಂಟು ಓಟದ ನಡುವೆ ತೂಕ ಹೆಚ್ಚಾಗಿದ್ದುದು. 4 ಗಂಟೆಗಿಂತ ಹೆಚ್ಚು ಹೊತ್ತು ಓಡಿದ್ದು ಇನ್ನೊಂದು. ನೀರು ಕುಡಿದರೋ ಸ್ಪೋರ್ಟ್ಸ್ ಡ್ರಿಂಕ್ ಕುಡಿದರೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ.

2007ರಲ್ಲಿ ಅಮೆರಿಕನ್ ಕಾಲೇಜ್ ತನ್ನ ಮಾತನ್ನು ತಿದ್ದಿತು: ದೇಹತೂಕದ ಶೇ 2ಕ್ಕಿಂತ ಹೆಚ್ಚು ನೀರು ಕಳೆದುಕೊಳ್ಳಬೇಡಿ, ಬೆವರಿದ್ದಕ್ಕಿಂತ ಹೆಚ್ಚು ಕುಡಿಯಲೂಬೇಡಿ, ಗಂಟೆಗೆ 400ರಿಂದ 800 ಮಿಲಿಲೀಟರಿನಿಂದ ಆರಂಭಿಸಿ ನಿಮ್ಮ ಲೆಕ್ಕ ಕಂಡುಕೊಳ್ಳಿ. 2015ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಯಾರಿದಾಗ ಕುಡಿಯಿರಿ, ಸಾಕು ಎಂದರು. ಹಳೆಯ ಪಾಠ ಕಲಿತ ತರಬೇತುದಾರರು, ಹೊಸ ಪಾಠ ಓದಿದ ವೈದ್ಯರು, ಎರಡನ್ನೂ ಅರ್ಧರ್ಧ ಕೇಳಿದ ಸುದ್ದಿಮನೆಗಳು ಒಟ್ಟಿಗೇ ಮಾತಾಡುತ್ತಿರುವುದರಿಂದ ಇವತ್ತಿನ ಗದ್ದಲ.

ತಜ್ಞರಲ್ಲೇ ಎರಡು ಬಣ

ಬಾಯಾರಿಕೆಯನ್ನೇ ನಂಬಿ ಎನ್ನುವವರ ವಾದ ಹೀಗೆ: ರಕ್ತದ ಸಾಂದ್ರತೆ ಶೇ 1-2ರಷ್ಟು ಏರಿದರೂ ಮಿದುಳು ಬಾಯಾರಿಕೆ ಹುಟ್ಟಿಸುತ್ತದೆ. ಇಷ್ಟು ಸೂಕ್ಷ್ಮವಾದ ವ್ಯವಸ್ಥೆ ಇರುವಾಗ ಗಡಿಯಾರ ನೋಡಿ ಕುಡಿಯುವುದೇಕೆ? 2009ರ ದುಬೈ ಮ್ಯಾರಥಾನ್ ಗೆದ್ದ ಇಥಿಯೋಪಿಯದ ಓಟಗಾರ ಹೈಲೆ ಗೆಬ್ರೆಸೆಲಾಸಿ ಓಟದಲ್ಲಿ ದೇಹತೂಕದ ಶೇ 10ರ ಹತ್ತಿರ ಕಳೆದುಕೊಂಡಿದ್ದರು ಎಂಬುದನ್ನು ಈ ಬಣ ಮತ್ತೆ ಮತ್ತೆ ಎತ್ತಿ ತೋರಿಸುತ್ತದೆ. ಜೊತೆಗೆ, ಹಳೆಯ "ಹೆಚ್ಚು ಕುಡಿಯಿರಿ" ಸಲಹೆಯ ಹಿಂದೆ ಪಾನೀಯ ಕಂಪನಿಗಳ ಹಣದ ಪ್ರಭಾವವಿತ್ತು ಎಂಬ ಆರೋಪವೂ ಇದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2012ರಲ್ಲಿ ಈ ನಂಟಿನ ಬಗ್ಗೆ ತನಿಖಾ ಬರಹವನ್ನೇ ಪ್ರಕಟಿಸಿತು.

ಯೋಜನೆ ಹಾಕಿ ಕುಡಿಯಿರಿ ಎನ್ನುವವರಲ್ಲಿಯೂ ಹುರುಳಿದೆ. ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು, ಬಿಸಿಲಿನಲ್ಲಿ, ಜೋರಾಗಿ ಓಡುವವರು ಗಂಟೆಗೆ ಒಂದೂವರೆ ಲೀಟರಿಗೂ ಮಿಕ್ಕಿ ಬೆವರುವುದುಂಟು. ಬಾಯಾರಿಕೆ ಆ ವೇಗಕ್ಕೆ ಹಿಂದೆ ಬೀಳುತ್ತದೆ. ನೀರು ಕಡಿಮೆಯಾದಂತೆ ಹೃದಯದ ಬಡಿತ ಏರುತ್ತದೆ, ಮೈ ಬಿಸಿ ಏರುತ್ತದೆ, ವೇಗ ಕುಗ್ಗುತ್ತದೆ. ಗೆಬ್ರೆಸೆಲಾಸಿಯಂಥವರ ದೇಹವನ್ನು ಎಲ್ಲರಿಗೂ ಮಾದರಿ ಮಾಡುವುದು ಸರಿಯೂ ಅಲ್ಲ.

ಕಾದಾಟ ಜೋರಾಗಿ ಕಂಡರೂ ಇಬ್ಬರೂ ಒಪ್ಪುವ ಸಂಗತಿಯೊಂದಿದೆ: ಓಟ ಮುಗಿದಾಗ ತೂಕ ಶುರುವಿನಲ್ಲಿದ್ದದ್ದಕ್ಕಿಂತ ಹೆಚ್ಚಾಗಿರಬಾರದು. ಸಾಮಾನ್ಯ ಓಟಗಾರರಿಗೆ ಇಷ್ಟು ತಿಳಿದರೆ ಮಿಕ್ಕ ವಾದ ಅವರ ಮಟ್ಟಿಗೆ ಬಹುಪಾಲು ಶಾಸ್ತ್ರಾರ್ಥ.

ಯಾರು ಹೆದರಬೇಕು, ಯಾರು ಬೇಡ

ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಿಂದ ನಡೆಯುತ್ತಿದೆ. ಅದರಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿ ಓಡಿ ಮುಗಿಸುವವರಿಗೆ ಈ ಅಪಾಯ ಇಲ್ಲವೆಂದೇ ಹೇಳಬಹುದು. ಅಷ್ಟು ಕಡಿಮೆ ಹೊತ್ತಿನಲ್ಲಿ ಸೋಡಿಯಂ ಕುಸಿಯುವಷ್ಟು ನೀರನ್ನು ಹೊಟ್ಟೆ ಹಿಡಿಸುವುದೇ ಕಷ್ಟ. ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುವವರು, ಸೂರ್ಯನಮಸ್ಕಾರ ಮಾಡುವವರು, ಸಂಜೆ ಶಟಲ್ ಆಡುವವರು ಆ ಸುದ್ದಿಯನ್ನು ಓದಿ ಪುಟ ತಿರುಗಿಸಿದರಾಯಿತು.

ನಿಜವಾಗಿ ಓದಬೇಕಾದವರು ಬೇರೆ. 4 ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯುವ ಶ್ರಮ, ನಿಧಾನ ವೇಗ, ಸಣ್ಣ ಮೈಕಟ್ಟು, ತಂಪು ಹವೆ, ಹೆಜ್ಜೆಗೊಂದು ನೀರಿನ ಮೇಜು, ಮೊದಲ ಸಲದ ಉತ್ಸಾಹ: ಇವು ಒಟ್ಟುಗೂಡಿದಲ್ಲಿ ಅಪಾಯ. ಬಿಸಿಲು ಹೆಚ್ಚಿದಷ್ಟೂ ಅಪಾಯ ಎಂಬ ಸಹಜ ಊಹೆ ಇಲ್ಲಿ ಯಾವಾಗಲೂ ನಿಜವಲ್ಲ. ತಂಪಿನಲ್ಲಿ ಬೆವರು ಕಡಿಮೆ, ಕುಡಿಯುವ ಅಭ್ಯಾಸ ಮಾತ್ರ ಹಾಗೇ. ಜನವರಿಯ ಮುಂಬಯಿ ಮ್ಯಾರಥಾನಿಗೆ ಮೊದಲ ಸಲ ಹೆಸರು ಕೊಟ್ಟು ಆರು ಗಂಟೆಯಲ್ಲಿ ಮುಗಿಸುವ ಅಂದಾಜಿನವರು, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮ್ಯಾರಥಾನಿಗಿಂತಲೂ ಉದ್ದದ ಅಲ್ಟ್ರಾ ಓಟಗಳಿಗೆ ಹೋಗುವವರು, ಇಡೀ ದಿನದ ಚಾರಣಿಗರು ಈ ಗುಂಪಿನವರು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಚಾರಣಿಗರಲ್ಲಿ ಇಂಥ ಪ್ರಕರಣಗಳು 1990ರ ದಶಕದಲ್ಲೇ ದಾಖಲಾಗಿವೆ.

ಸೇನಾ ತರಬೇತಿ ಇನ್ನೊಂದು ಜಾಗ. ಹೊಸ ಸೈನಿಕರಿಗೆ ಬಲವಂತದಿಂದ ನೀರು ಕುಡಿಸಿ ಸಾವುಗಳಾದ ಮೇಲೆ ಅಮೆರಿಕದ ಸೇನೆ 1998ರ ಹೊತ್ತಿಗೆ ಮಿತಿ ನಿಗದಿ ಮಾಡಿತು: ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದು, ದಿನಕ್ಕೆ 11 ಲೀಟರ್ ಚಿಲ್ಲರೆ ಮೀರಬಾರದು. ಸ್ನಾಯು ಸೆಳೆತಕ್ಕೆ ಹೆದರಿ ಕುಡಿಯುವುದೂ ಉಂಟು. 2014ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ 17 ವರ್ಷದ ಫುಟ್‌ಬಾಲ್ ಆಟಗಾರ ಸೆಳೆತ ತಡೆಯಲೆಂದು ನೀರು, ಸ್ಪೋರ್ಟ್ಸ್ ಡ್ರಿಂಕ್ ಸೇರಿ ಸುಮಾರು 15 ಲೀಟರ್ ಕುಡಿದು ಅಸುನೀಗಿದ ಎಂದು ವರದಿಯಾಗಿತ್ತು. ದಣಿದ ಸ್ನಾಯು ಸೆಟೆದುಕೊಂಡಾಗ ಬೇಕಾದದ್ದು ಹಿಗ್ಗಿಸುವಿಕೆ ಮತ್ತು ವಿಶ್ರಾಂತಿ; ಕೊಡಗಟ್ಟಲೆ ನೀರಿನಿಂದ ಸೆಳೆತ ಬಿಡುವುದಿಲ್ಲ.

ಹಾಗಾದರೆ ಸರ್ಕಾರದ ಸಲಹೆ ತಪ್ಪೆ?

ತಪ್ಪಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಬಿಸಿಗಾಳಿ ಸೂಚನೆ ಬಾಯಾರಿಕೆ ಇಲ್ಲದಿದ್ದರೂ ಕುಡಿಯಿರಿ ಎನ್ನುತ್ತದೆ, ಜೊತೆಗೆ ಓಆರ್‌ಎಸ್, ಲಸ್ಸಿ, ಗಂಜಿ ತಿಳಿ, ನಿಂಬೆ ಪಾನಕ, ಮಜ್ಜಿಗೆ ಎಂಬ ಪಟ್ಟಿಯನ್ನೂ ಕೊಡುತ್ತದೆ. ಈ ಎರಡನೇ ಸಾಲು ಸುದ್ದಿಯಲ್ಲಿ ಬಹಳ ಸಲ ಕಾಣೆಯಾಗುತ್ತದೆ.

ಅದು ಯಾರನ್ನು ಉದ್ದೇಶಿಸಿದ್ದು ಎಂದು ನೋಡಿ. ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸರ್ಕಾರಿ ಕಚೇರಿಗಳ ವೇಳೆಯನ್ನೇ ಅಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಆದರೆ ಗಾರೆ ಕೆಲಸದವರಿಗೆ, ಹೊಲದ ಕೂಲಿಯವರಿಗೆ ಅಂಥ ವೇಳಾಪಟ್ಟಿ ಇಲ್ಲ. ಅವರು ಎಂಟು ಗಂಟೆ ಬೆವರುತ್ತಾರೆ, ನೀರು ಕೈಗೆ ಸಿಗುವ ದೂರದಲ್ಲಿ ಇರುವುದಿಲ್ಲ, ಶೌಚಾಲಯವಿಲ್ಲದ ಕಡೆ ಹೆಂಗಸರು ಬೇಕೆಂದೇ ಕಡಿಮೆ ಕುಡಿಯುತ್ತಾರೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ. ಇಂಥವರಿಗೆ "ಬಾಯಾರಿದಾಗ ಕುಡಿಯಿರಿ" ಎನ್ನುವುದು ಕೆಟ್ಟ ಸಲಹೆ. ಬಿಸಿಲಿನ ಹೊಡೆತಕ್ಕೆ ಸಾಯುವವರ ಮುಂದೆ ನೀರು ಹೆಚ್ಚಾಗಿ ಸಾಯುವವರು ತೀರಾ ಅಪರೂಪ.

ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಗಳ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಬಿಸಿಲ ಕೆಲಸದಲ್ಲಿ 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 240 ಮಿಲಿಲೀಟರ್ ಆಸುಪಾಸು, ಗಂಟೆಗೆ 1.4 ಲೀಟರ್ ಮೀರುವುದು ಬೇಡ. ತಪ್ಪದೇ ಊಟ. ಹೋದ ಉಪ್ಪು ವಾಪಸ್ ಬರುವುದು ಊಟದಿಂದಲೇ: ರೊಟ್ಟಿ ಜೊತೆಗಿನ ಪಲ್ಯ, ಉಪ್ಪಿನಕಾಯಿ, ಉಪ್ಪು ಹಾಕಿದ ಮಜ್ಜಿಗೆ.

ಉಪ್ಪು, ಎಳನೀರು, ಓಆರ್‌ಎಸ್

ಸುದ್ದಿ ಓದಿದವರ ಮರುಪ್ರಶ್ನೆ ಇದೇ: ಉಪ್ಪಿನ ಮಾತ್ರೆ ನುಂಗಿ ಎಷ್ಟು ಬೇಕಾದರೂ ಕುಡಿಯಬಹುದೆ? ಒಂದು ಲೀಟರ್ ಹೆಚ್ಚುವರಿ ನೀರನ್ನು ರಕ್ತದ ಸಾಂದ್ರತೆಗೆ ಸರಿದೂಗಿಸಲು 140 ಮಿಲಿಮೋಲ್ ಸೋಡಿಯಂ ಬೇಕು, ಅಂದರೆ 8 ಗ್ರಾಂಗಿಂತ ಹೆಚ್ಚು ಅಡುಗೆ ಉಪ್ಪು. ಅದು ಒಂದೂವರೆ ಚಿಕ್ಕ ಚಮಚದಷ್ಟು. 200 ಮಿಲಿಗ್ರಾಂ ಸೋಡಿಯಂ ಇರುವ ಒಂದು ಕ್ಯಾಪ್ಸೂಲಿನಲ್ಲಿ 9 ಮಿಲಿಮೋಲ್ ಕೂಡ ಇರುವುದಿಲ್ಲ. ಅಂಥ ಹದಿನೈದು ನುಂಗಿದರೂ ಸಾಲದು, ವಾಂತಿ ಮಾತ್ರ ಗ್ಯಾರಂಟಿ.

ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಓಟದ ನಂತರ ಒಂದು ಎಳನೀರು ಚೆನ್ನ. ಸೋಡಿಯಂ ತುಂಬುತ್ತದೆ ಎಂದು ನಾಲ್ಕು ಕುಡಿಯುವುದು ಅರ್ಥವಿಲ್ಲದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇದೆ. ಸ್ಪೋರ್ಟ್ಸ್ ಡ್ರಿಂಕಿನ ಸುಮಾರು ನಾಲ್ಕು ಪಟ್ಟು. ಆದರೆ ಅಂಗಡಿಯ ಪೊಟ್ಟಣದ ಮೇಲೆ ಓಆರ್‌ಎಸ್ ಎಂಬ ಮೂರಕ್ಷರ ಕಂಡ ಮಾತ್ರಕ್ಕೆ ಅದು ಈ ಸೂತ್ರದ್ದೇ ಆಗಿರುತ್ತಿರಲಿಲ್ಲ. ಸಕ್ಕರೆ ತುಂಬಿದ ಪಾನೀಯಗಳಿಗೆ ಆ ಹೆಸರು ಬಳಸುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರ ಅಕ್ಟೋಬರಿನಲ್ಲಿ ನಿಷೇಧಿಸಿತು. ಪುಡಿಯ ಸ್ಯಾಶೆ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ, ಒಂದು ಲೀಟರಿನ ಸ್ಯಾಶೆಯನ್ನು ಒಂದು ಲೀಟರಿಗೇ ಕಲಸಿ.

ನಿಮ್ಮ ಬೆವರು ನೀವೇ ಅಳೆಯಿರಿ

ಮನೆಯ ತೂಕದ ಯಂತ್ರ ಸಾಕು. ಓಟಕ್ಕೆ ಮುನ್ನ ಮೂತ್ರ ಮಾಡಿ, ಕನಿಷ್ಠ ಬಟ್ಟೆಯಲ್ಲಿ ತೂಗಿ. ಸ್ಪರ್ಧೆಯ ದಿನ ಓಡುವ ವೇಗದಲ್ಲೇ, ಅಂಥದೇ ಹವೆಯಲ್ಲಿ ಸರಿಯಾಗಿ ಒಂದು ಗಂಟೆ ಓಡಿ. ಕುಡಿದ ನೀರನ್ನು ಅಳತೆ ಇಟ್ಟುಕೊಳ್ಳಿ. ಬಂದ ಮೇಲೆ ಬೆವರು ಒರೆಸಿ, ಒದ್ದೆ ಬಟ್ಟೆ ತೆಗೆದು ಮತ್ತೆ ತೂಗಿ. ಮೊದಲು 62.4 ಕೆಜಿ, ಆಮೇಲೆ 61.9, ನಡುವೆ ಕುಡಿದದ್ದು 300 ಮಿಲಿಲೀಟರ್ ಎಂದರೆ ಬೆವರು ಗಂಟೆಗೆ 800 ಮಿಲಿಲೀಟರ್. ಇದು ನಿಮ್ಮ ಮೇಲ್ಮಿತಿ. ಇದಕ್ಕಿಂತ ಕಡಿಮೆ ಕುಡಿಯುವುದೇ ಉದ್ದೇಶ. ತಂಪಿನಲ್ಲೊಮ್ಮೆ, ಸೆಕೆಯಲ್ಲೊಮ್ಮೆ ಅಳೆದರೆ ಎರಡು ಸಂಖ್ಯೆ ಸಿಗುತ್ತವೆ. ಒದ್ದೆ ಟೀಶರ್ಟ್ ಹಾಕಿಕೊಂಡೇ ತೂಗಿದರೆ ಲೆಕ್ಕ ಕೆಡುತ್ತದೆ, ಬಹಳ ಜನ ಇಲ್ಲೇ ಎಡವುವುದು.

ಉದ್ದದ ಓಟದ ಕೊನೆಯಲ್ಲಿ ಒಂದು ಕಿಲೋ ಇಳಿದಿದ್ದರೆ ಅದೆಲ್ಲವೂ ನೀರಿನ ಕೊರತೆಯಲ್ಲ. ಸುಟ್ಟುಹೋದ ಇಂಧನದ ತೂಕವೂ, ಅದರ ಜೊತೆ ಬಿಡುಗಡೆಯಾದ ನೀರೂ ಅದರಲ್ಲಿ ಸೇರಿದೆ. ಹಾಗಾಗಿ ಕೊರತೆಯನ್ನು ಅಲ್ಲೇ ನಿಂತು ತುಂಬಿಸುವ ಆತುರ ಬೇಡ. ಮುಗಿದ ಮೇಲೆ ಉಪ್ಪಿನಂಶವಿರುವ ತಿಂಡಿ, ಬಾಯಾರಿದಷ್ಟು ನೀರು. ಮೊದಲ ಸಲ ಮೂತ್ರ ಧಾರಾಳವಾಗಿ ಹೋಗುವವರೆಗೂ ಲೀಟರುಗಟ್ಟಲೆ ಗಟಗಟ ಕುಡಿಯಬಾರದು.

ಕುಸಿದವರಿಗೆ ಏನು ಮಾಡುವುದು

ಓಟದ ದಾರಿಯಲ್ಲಿ ಯಾರಾದರೂ ಕುಸಿದರೆ ಸುತ್ತ ಸೇರಿದವರು ಮೊದಲು ಮಾಡುವುದು ನೀರು ಕುಡಿಸುವುದು, ಆಮೇಲೆ "ಗ್ಲೂಕೋಸ್ ಹಾಕಿಸಿ" ಎನ್ನುವುದು. ನೀರಿಲ್ಲದೆ ಬಳಲಿದವರಿಗೆ ಮೊದಲನೆಯದರಿಂದ ಒಳ್ಳೆಯದೇ. ನೀರು ಹೆಚ್ಚಾಗಿ ಕುಸಿದವರಿಗೆ ಎರಡೂ ಕೆಡುಕು.

ಗುರುತು ಹಿಡಿಯುವುದು ಹೇಗೆ? ಬಾಯಿ ಒಣಗಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ಬಾಯಾರಿದೆ ಎಂದರೆ ನೀರಿನ ಕೊರತೆಯ ಕಡೆ ಬೊಟ್ಟು. ಹೊಟ್ಟೆ ಉಬ್ಬರಿಸಿದೆ, ಹೊಟ್ಟೆಯೊಳಗೆ ನೀರು ಕುಲುಕುತ್ತದೆ, ತೆಳ್ಳನೆಯ ವಾಂತಿ, ಹೆಚ್ಚುತ್ತಿರುವ ತಲೆನೋವು, ಬೆರಳು ಊದಿ ವಾಚಿನ ಪಟ್ಟಿ ಬಿಗಿಯಾಗಿದೆ, ದಾರಿಯುದ್ದಕ್ಕೂ ಕುಡಿಯುತ್ತಲೇ ಬಂದಿದ್ದಾರೆ ಎಂದರೆ ಸೋಡಿಯಂ ಕುಸಿದಿರುವ ಅನುಮಾನ. ಮಾತು ತಡವರಿಸಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ ಅದು ತುರ್ತುಸ್ಥಿತಿ. ಅಂಥ ಹೊತ್ತಿನಲ್ಲಿ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಮೈ ಕೆಂಡದಂತೆ ಬಿಸಿಯಾಗಿದ್ದರೆ ಬಿಸಿಲಿನ ಹೊಡೆತ ಎಂದು ತಿಳಿದು ತಣ್ಣೀರು ಸುರಿಯುತ್ತಲೇ ಸಾಗಿಸಬೇಕು. ಲಕ್ಷಣಗಳು ಓಟ ಮುಗಿದು ಮನೆ ಸೇರಿದ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು, ಹೊಟ್ಟೆಯಲ್ಲಿ ಉಳಿದಿದ್ದ ನೀರು ಆಗ ರಕ್ತ ಸೇರುವುದರಿಂದ.

ಆಸ್ಪತ್ರೆಯಲ್ಲಿಯೂ ಎಡವಟ್ಟಿಗೆ ಅವಕಾಶವಿದೆ. ಶೇ 5ರ ಡೆಕ್ಸ್ಟ್ರೋಸ್ ಡ್ರಿಪ್‌ನಲ್ಲಿ ಸೋಡಿಯಂ ಇಲ್ಲವೇ ಇಲ್ಲ. ಅದರ ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಮಾಮೂಲಿ ಸಲೈನ್‌ನಲ್ಲಿ ಲೀಟರಿಗೆ 154 ಮಿಲಿಮೋಲ್ ಇದ್ದರೂ ವ್ಯಾಸೊಪ್ರೆಸ್ಸಿನ್ ಏರಿರುವಾಗ ಕಿಡ್ನಿ ಉಪ್ಪನ್ನು ಹೊರಗೆ ಕಳಿಸಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂತರರಾಷ್ಟ್ರೀಯ ಒಮ್ಮತದ ಚಿಕಿತ್ಸೆ ಶೇ 3ರ ಗಾಢ ಸಲೈನ್: 100 ಮಿಲಿಲೀಟರನ್ನು ಹತ್ತು ನಿಮಿಷದಲ್ಲಿ, ಲಕ್ಷಣ ತಗ್ಗದಿದ್ದರೆ ಇನ್ನೆರಡು ಸಲ. ವೈದ್ಯರು ಇದಕ್ಕೆ ಹಿಂಜರಿಯಲು ಕಾರಣವಿದೆ. ದಿನಗಟ್ಟಲೆ ಇಳಿದ ಸೋಡಿಯಂ ಅನ್ನು ಬೇಗ ಏರಿಸಿದರೆ ಮಿದುಳಿನ ನರಗಳ ಕವಚಕ್ಕೆ ಹಾನಿ ಎಂಬುದು ಎಲ್ಲ ವೈದ್ಯರೂ ಕಲಿತ ಪಾಠ. ಆ ಪಾಠ ಬಿಪಿ ಮಾತ್ರೆಯ ಹಿರಿಯರಿಗೆ ಸರಿ. ಗಂಟೆಗಳಲ್ಲಿ ಇಳಿದವರಿಗೆ ತಡಮಾಡುವುದೇ ಹೆಚ್ಚು ಅಪಾಯ. ಆದ್ದರಿಂದ ರೋಗಿಯ ಜೊತೆ ಹೋದವರು ವೈದ್ಯರಿಗೆ ತಪ್ಪದೇ ಹೇಳಬೇಕಾದ ಮೂರು ಸಂಗತಿ: ಎಷ್ಟು ಗಂಟೆ ಓಡಿದರು, ಅಂದಾಜು ಎಷ್ಟು ಕುಡಿದರು, ಯಾವ ಮಾತ್ರೆ ನುಂಗಿದ್ದರು. ಡ್ರಿಪ್ ಹಾಕುವ ಮೊದಲು ಸೋಡಿಯಂ ಪರೀಕ್ಷಿಸಿ ಎಂದು ಕೇಳಲೂ ಸಂಕೋಚ ಬೇಡ.

ಮುಂದೇನಾಗಬಹುದು

ಷರತ್ತಿಲ್ಲದ ಎಚ್ಚರಿಕೆಗಳು ಹೀಗೇ ಮುಂದುವರಿದರೆ ಮೊದಲ ಪರಿಣಾಮ ತಪ್ಪು ಜನರ ಮೇಲೆ. ಬಿಸಿಲಲ್ಲಿ ದುಡಿಯುವವರು "ನೀರು ಜಾಸ್ತಿಯಾದರೂ ಕಷ್ಟವಂತೆ" ಎಂದು ಕೈಹಿಡಿತ ಮಾಡುವುದು, ಕಿಡ್ನಿಯಲ್ಲಿ ಕಲ್ಲಾದವರು ವೈದ್ಯರು ಹೇಳಿದ ಪ್ರಮಾಣ ತಗ್ಗಿಸುವುದು. ಇತ್ತ ಆರು ಗಂಟೆಯ ಮ್ಯಾರಥಾನಿಗರು ಅದೇ ಸುದ್ದಿ ಓದಿ, ಪರಿಹಾರವೆಂದು ನೀರು ಬಿಟ್ಟು ಸ್ಪೋರ್ಟ್ಸ್ ಡ್ರಿಂಕ್ ಹಿಡಿಯುತ್ತಾರೆ. ಪ್ರಮಾಣ ಅಷ್ಟೇ, ಖರ್ಚು ಹೆಚ್ಚು.

ಓಟದ ಸಂಘಟಕರ ಕೈಯಲ್ಲಿ ಆಗುವ ಕೆಲಸಗಳು ಬೇರೆ ಇವೆ. ಪೂರ್ಣ ಮ್ಯಾರಥಾನಿನಲ್ಲಿ ನೀರಿನ ಮೇಜುಗಳ ನಡುವಿನ ಅಂತರ ಹೆಚ್ಚಿಸುವುದು ಒಂದು. ಇಡೀ ಬಾಟಲಿ ಕೊಡುವ ಬದಲು 100-150 ಮಿಲಿಲೀಟರಿನ ಕಪ್ ಇಡುವುದು ಇನ್ನೊಂದು. ಎದೆಯ ಮೇಲಿನ ಬಿಬ್‌ನ (ಓಟಗಾರರ ಸಂಖ್ಯೆಯ ಚೀಟಿ) ಹಿಂಭಾಗದಲ್ಲಿ ಓಡುವ ಮುಂಚಿನ ತೂಕ ಬರೆಸಿದರೆ ಕುಸಿದಾಗ ವೈದ್ಯರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗುರಿಯ ಬಳಿಯ ವೈದ್ಯಕೀಯ ಡೇರೆಯಲ್ಲಿ ಎರಡು ನಿಮಿಷದಲ್ಲಿ ಸೋಡಿಯಂ ಹೇಳುವ ಕೈಯಂತ್ರ, ಶೇ 3ರ ಸಲೈನ್‌ನ ಕೆಲವು ಬಾಟಲಿ, ಒಂದು ತೂಕದ ಯಂತ್ರ ಇವಿಷ್ಟು ಇಡಬೇಕು. ನೀರು ಹಂಚುವ ಸ್ವಯಂಸೇವಕರಿಗೆ ಮುನ್ನಾದಿನದ ಸಭೆಯಲ್ಲಿ ಒಂದೇ ಸೂಚನೆ ಸಾಕು: ಕೇಳಿದವರಿಗೆ ಕೊಡಿ, ಬೇಡ ಎಂದವರ ಕೈಗೆ ತುರುಕಬೇಡಿ.